ಹಳೆ ರಟ್ಟಿನ ಡಬ್ಬದಿಂದ ನಿಮ್ಮದೇ ಫರ್ನಿಚರ್: ಪದೇ ಪದೇ ಕೇಳುವ ಪ್ರಶ್ನೆಗಳು

ರಟ್ಟಿನ ಸ್ಟೂಲ್ ಮೇಲೆ ನಿಜವಾಗಿಯೂ ಕೂರಬಹುದಾ?

ಕೂರಬಹುದು. ಸರಿಯಾಗಿ ಮಾಡಿದ ಸ್ಟೂಲ್ ಮೇಲೆ ದೊಡ್ಡವರು ದಿನವೂ ಕೂರಬಹುದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳು ಮಲಗಿದ್ದು ರಟ್ಟಿನ ಮಂಚದ ಮೇಲೆ. ಆ ಮಂಚಗಳನ್ನು ಸುಮಾರು 200 ಕೆಜಿ ತಡೆಯುವಂತೆ ಮಾಡಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ರಟ್ಟಿನ ಮಂಚವೇ ಬಂತು.

ಅನುಮಾನ ಬರುವುದು ಸಹಜ. ನಾವು ರಟ್ಟನ್ನು ನೋಡುವುದೇ ಖಾಲಿ ಡಬ್ಬದ ರೂಪದಲ್ಲಿ. ನಾಲ್ಕು ತೆಳು ಗೋಡೆ ಬಿಟ್ಟರೆ ಅದರೊಳಗೆ ಏನೂ ಇಲ್ಲ. ಮೇಲೆ ಕೂತರೆ ಕುಸಿಯದೆ ಇನ್ನೇನು? ಅದೇ ಡಬ್ಬದ ಒಳಗೆ ಉದ್ದಕ್ಕೂ ಅಡ್ಡಕ್ಕೂ ಗೋಡೆ ನಿಲ್ಲಿಸಿದರೆ ಕತೆಯೇ ಬೇರೆ.

ಅಷ್ಟು ಬಲ ಎಲ್ಲಿಂದ ಬರುತ್ತದೆ?

ಅಂಚಿನಿಂದ. ಈ ಒಂದು ಮಾತು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ಯಾಕಿಂಗ್ ಡಬ್ಬದ ರಟ್ಟನ್ನು ಅಡ್ಡ ಕತ್ತರಿಸಿ ನೋಡಿ. ಎರಡು ಚಪ್ಪಟೆ ಹಾಳೆ, ನಡುವೆ ಅಲೆ ಅಲೆಯಾಗಿ ಮಡಿಸಿದ ಇನ್ನೊಂದು ಹಾಳೆ ಕಾಣುತ್ತದೆ. ಈಗ ಅಂಗೈ ಅಗಲದ ಚೌಕ ತುಂಡು ಕತ್ತರಿಸಿ. ಅಲೆಯ ತೂತುಗಳು ಮೇಲಕ್ಕೂ ಕೆಳಕ್ಕೂ ಬರುವಂತೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅಂಗೈಯಿಂದ ಒತ್ತಿ. ಅಂಚು ಕೈಗೆ ಒತ್ತುತ್ತದೆ, ರಟ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದೇ ತುಂಡನ್ನು ಕಾಲು ಸುತ್ತು ತಿರುಗಿಸಿ, ತೂತುಗಳು ಎಡಬಲಕ್ಕೆ ಬರುವಂತೆ ನಿಲ್ಲಿಸಿ ಒತ್ತಿ. ನಡುವೆ ಗೆರೆ ಬಿದ್ದು ಮಡಚಿಕೊಳ್ಳುತ್ತದೆ. ಕೊನೆಗೆ ಚಪ್ಪಟೆಯಾಗಿ ಮಲಗಿಸಿ ಹೆಬ್ಬೆರಳಿನಿಂದ ಅದುಮಿ. ಗುಳಿ ಬೀಳುತ್ತದೆ.

ರಟ್ಟು ಒಂದೇ, ದಿಕ್ಕು ಮಾತ್ರ ಬೇರೆ. ಆದ್ದರಿಂದ ಭಾರ ಹೊರುವ ಪ್ರತಿ ತುಂಡಿನಲ್ಲೂ ಅಲೆಯ ಸಾಲು ನೆಲದಿಂದ ಮೇಲಕ್ಕೆ ಓಡಬೇಕು. ಜೊತೆಗೆ ಒಂದೊಂದು ಗೋಡೆಗೂ ಪಕ್ಕದಿಂದ ಆಸರೆ ಬೇಕು. ಒಂಟಿ ಗೋಡೆ ಎಷ್ಟೇ ಗಟ್ಟಿ ಇದ್ದರೂ ಪಕ್ಕಕ್ಕೆ ವಾಲಿ ಮಡಚುತ್ತದೆ. ಗೋಡೆಗಳು ಒಂದಕ್ಕೊಂದು ಅಡ್ಡ ಸಿಕ್ಕಿಸಿಕೊಂಡು ನಿಂತರೆ ವಾಲುವ ಜಾಗವೇ ಇರುವುದಿಲ್ಲ.

ಯಾವ ಡಬ್ಬ ಆರಿಸಬೇಕು?

ಫ್ರಿಜ್, ವಾಷಿಂಗ್ ಮಷಿನ್, ಸೈಕಲ್, ಟಿವಿ ಬಂದ ಡಬ್ಬಗಳು ಸಿಕ್ಕರೆ ಬಿಡಬೇಡಿ. ಅವುಗಳಲ್ಲಿ ಮಡಿಕೆ ಇಲ್ಲದ ದೊಡ್ಡ ಹಲಗೆ ಸಿಗುತ್ತದೆ, ರಟ್ಟೂ ದಪ್ಪ. ಸಾಮಾನ್ಯ ಡಬ್ಬ ಮೂರು ಪದರದ್ದು, ದಪ್ಪ 3ರಿಂದ 4 ಮಿಲಿಮೀಟರ್. ಐದು ಪದರದ್ದು ಸುಮಾರು 6–7 ಮಿಲಿಮೀಟರ್. ಭಾರಿ ಯಂತ್ರಗಳಿಗೆ ಬಳಸುವ ಏಳು ಪದರದ್ದು 13–15 ಮಿಲಿಮೀಟರ್ ತನಕ ಇರುತ್ತದೆ. ಕೂರುವ ವಸ್ತುಗಳಿಗೆ ಐದು ಪದರದ್ದು ಹೇಳಿ ಮಾಡಿಸಿದ ಹಾಗೆ. ಏಳು ಪದರದ್ದನ್ನು ಕೈಚಾಕುವಿನಲ್ಲಿ ಕತ್ತರಿಸುವುದು ಕಷ್ಟ.

ಡಬ್ಬ ತೆಗೆದುಕೊಳ್ಳುವ ಮೊದಲು ಅಂಚನ್ನು ಬೆರಳಿನಿಂದ ಹಿಸುಕಿ. ಗಟ್ಟಿಯಾಗಿ ಎದುರು ನಿಂತರೆ ಒಳ್ಳೆಯದು. ಮೆತ್ತಗೆ ಕುಗ್ಗಿದರೆ ಅಲೆ ಆಗಲೇ ಸತ್ತಿದೆ ಅಂತ ಅರ್ಥ. ಒಮ್ಮೆ ಒದ್ದೆಯಾಗಿ ಒಣಗಿದ ಡಬ್ಬ ಬೇಡ. ಅದರ ಮೇಲೆ ನೀರಿನ ಕಲೆಯ ಗಡಿ ಕಾಣುತ್ತದೆ, ಪದರಗಳು ಬಿಟ್ಟುಕೊಂಡಿರುತ್ತವೆ. ಎಣ್ಣೆ ಹೀರಿದ್ದೂ ಬೇಡ, ಮೇಣ ಸವರಿದ್ದೂ ಬೇಡ. ಅಂಟು ಹಿಡಿಯುವುದಿಲ್ಲ.

ಯಾವ ಉಪಕರಣ ಬೇಕು?

ಉದ್ದ ಬ್ಲೇಡಿನ ಕಟ್ಟರ್, ಹತ್ತಾರು ಹೊಸ ಬ್ಲೇಡು, ಸ್ಟೀಲ್ ಸ್ಕೇಲ್, ಪೆನ್ಸಿಲ್, ಮೂಲೆಮಟ್ಟ, ಬ್ರಷ್, ಅಂಟು, ಪೇಪರ್ ಟೇಪ್, ಒಂದಷ್ಟು ಕ್ಲಿಪ್. ಕೆಳಗೆ ಹಾಸಲು ಇನ್ನೊಂದು ರಟ್ಟು. ಇಷ್ಟು ಸಾಕು. ಜಿಗ್‌ಸಾ ಇದ್ದರೆ ದಪ್ಪ ರಟ್ಟಿಗೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.

ಕತ್ತರಿಸುವಾಗ ಅಂಚು ಹರಿದು ಜಜ್ಜಿಹೋಗುತ್ತದೆ. ಏನು ಮಾಡಲಿ?

ಬ್ಲೇಡ್ ಬದಲಿಸಿ. ಹತ್ತಕ್ಕೆ ಒಂಬತ್ತು ಸಲ ಕಾರಣ ಅದೇ. ಮರುಬಳಕೆಯ ಕಾಗದದಲ್ಲಿ ಮಣ್ಣು, ಖನಿಜದ ಪುಡಿ ಸೇರಿರುತ್ತದೆ. ಬ್ಲೇಡು ಬೇಗ ಮೊಂಡಾಗುತ್ತದೆ.

ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಮೊದಲ ಸಲ ಮೇಲಿನ ಹಾಳೆ ಮಾತ್ರ ಸೀಳಲಿ, ಎರಡನೇ ಸಲ ಅಲೆ, ಮೂರನೇ ಸಲ ಕೆಳಗಿನ ಹಾಳೆ. ಬ್ಲೇಡನ್ನು ಓರೆಯಾಗಿ ಮಲಗಿಸಿ ಎಳೆಯಿರಿ, ನೆಟ್ಟಗೆ ಹಿಡಿದರೆ ಅಲೆ ಸಿಕ್ಕಿಕೊಂಡು ಹರಿಯುತ್ತದೆ. ಸ್ಕೇಲ್ ಹಿಡಿದ ಕೈಬೆರಳು ಬ್ಲೇಡಿನ ದಾರಿಗೆ ಬರದಂತೆ ನೋಡಿಕೊಳ್ಳಿ. ಜೋರು ಹಾಕಿದಾಗಲೇ ಬ್ಲೇಡು ಜಾರುವುದು. ಹರಿತವಾದ ಬ್ಲೇಡಿಗೆ ಜೋರು ಬೇಕಾಗುವುದಿಲ್ಲ. ಆ ದೃಷ್ಟಿಯಿಂದ ಮೊಂಡು ಬ್ಲೇಡೇ ಜಾಸ್ತಿ ಅಪಾಯ. ಡಬ್ಬದಲ್ಲಿ ಸ್ಟೇಪಲ್ ಪಿನ್ ಇದ್ದರೆ ಮೊದಲೇ ಕಿತ್ತುಬಿಡಿ.

ಮೊದಲ ಸಲಕ್ಕೆ ಏನು ಮಾಡಲಿ?

ಚೌಕ ಸ್ಟೂಲ್ ಮಾಡಿ. ಇದರಲ್ಲಿ ಕಲಿತ ವಿದ್ಯೆ ಮೇಜು, ಬೆಂಚು, ಮಂಚ ಎಲ್ಲದಕ್ಕೂ ಆಗುತ್ತದೆ.

ಐದು ಪದರದ ರಟ್ಟಿನಲ್ಲಿ 36 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಎಂಟು ಹಲಗೆ ಕತ್ತರಿಸಿ. ಎಂಟರಲ್ಲೂ ಅಲೆಯ ಸಾಲು 40 ಸೆಂಟಿಮೀಟರ್ ಇರುವ ದಿಕ್ಕಿಗೇ ಇರಲಿ. ಪ್ರತಿ ಹಲಗೆಯ ಮೇಲೂ ಎಡ ಅಂಚಿನಿಂದ 4.5, 13.5, 22.5, 31.5 ಸೆಂಟಿಮೀಟರ್ ದೂರಕ್ಕೆ ಗುರುತು ಹಾಕಿ. ಪ್ರತಿ ಗುರುತಿನಲ್ಲೂ 20 ಸೆಂಟಿಮೀಟರ್ ಆಳದ ಸೀಳು ಬರಬೇಕು. ಗುರುತು ಸೀಳಿನ ನಟ್ಟನಡುವೆ ಬರಲಿ. ನಾಲ್ಕು ಹಲಗೆಗೆ ಮೇಲಿನಿಂದ ಕೆಳಕ್ಕೆ ಸೀಳಿ, ಉಳಿದ ನಾಲ್ಕಕ್ಕೆ ಕೆಳಗಿನಿಂದ ಮೇಲಕ್ಕೆ. ಆಮೇಲೆ ಒಂದರೊಳಗೊಂದು ಸಿಕ್ಕಿಸಿ.

ಇಡೀ ಕೆಲಸದಲ್ಲಿ ಜೀವ ಇರುವುದು ಸೀಳಿನ ಅಗಲದಲ್ಲಿ. ಅದು ರಟ್ಟಿನ ದಪ್ಪಕ್ಕೆ ಸಮ ಇರಬೇಕು, ಕೂದಲೆಳೆಯಷ್ಟು ಕಮ್ಮಿ ಇದ್ದರೆ ಇನ್ನೂ ಒಳ್ಳೆಯದು. ಅಳತೆಪಟ್ಟಿ ನಂಬುವುದಕ್ಕಿಂತ ಅದೇ ರಟ್ಟಿನ ತುಂಡನ್ನು ನಿಲ್ಲಿಸಿ ಎರಡೂ ಬದಿಗೆ ಪೆನ್ಸಿಲ್ ಎಳೆಯುವುದು ವಾಸಿ. ಸೀಳು ಅಗಲವಾದರೆ ಸ್ಟೂಲ್ ಓಲಾಡುತ್ತದೆ. ತೀರಾ ಬಿಗಿಯಾದರೆ ಸಿಕ್ಕಿಸುವಾಗ ಅಲೆ ಜಜ್ಜಿಹೋಗುತ್ತದೆ. ಸೇರಿಸುವಾಗ ಒಂದು ಹಲಗೆಯನ್ನು ಪೂರ್ತಿ ಒತ್ತಿ ಮುಂದಿನದಕ್ಕೆ ಹೋಗಬೇಡಿ. ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಎಂಟೂ ಹಲಗೆಯ ತಲೆ ಒಂದೇ ಮಟ್ಟಕ್ಕೆ ಬಂತಾ ಅಂತ ಮೇಲೆ ಸ್ಕೇಲ್ ಇಟ್ಟು ನೋಡಿ. ಒಂದು ಹಲಗೆ ಮೇಲೆದ್ದಿದ್ದರೆ ಕೂತಾಗ ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಕೂರುವ ಜಾಗಕ್ಕೆ ಮೂರು ಚೌಕಗಳನ್ನು ಒಂದರ ಮೇಲೊಂದು ಅಂಟಿಸಿ. ಒಂದರಲ್ಲಿ ಅಲೆ ಉದ್ದಕ್ಕೆ ಓಡಿದರೆ ಮುಂದಿನದರಲ್ಲಿ ಅಡ್ಡಕ್ಕೆ ಓಡಲಿ. ಹೀಗೆ ದಿಕ್ಕು ಬದಲಿಸಿದರೆ ಹಲಗೆ ಯಾವ ಕಡೆಗೂ ಸುಲಭಕ್ಕೆ ಬಾಗುವುದಿಲ್ಲ. ಕೆಳಕ್ಕೆ ಒಂದು ಚೌಕ, ಸುತ್ತಲೂ ನಾಲ್ಕು ಗೋಡೆ ಅಂಟಿಸಿದರೆ ಸ್ಟೂಲ್ ಸಿದ್ಧ. ಅಂಟು ಪೂರ್ತಿ ಒಣಗಲು ಒಂದು ದಿನ ಬಿಡಿ. ಅಲ್ಲಿಯ ತನಕ ಕೂರಬೇಡಿ.

ಅದು ಎಷ್ಟು ತೂಕ ತಡೆಯುತ್ತದೆ ಅಂತ ತಿಳಿಯುವುದು ಹೇಗೆ?

ಕೆಲವು ಡಬ್ಬಗಳ ತಳದಲ್ಲಿ ಒಂದು ಮುದ್ರೆ ಇರುತ್ತದೆ. ಅದರಲ್ಲಿ ‘ಇಸಿಟಿ 32’ ಅಂತ ಇದ್ದರೆ, ಒಂದು ಇಂಚು ಅಂಚು ಜಜ್ಜಿಹೋಗಲು ಕನಿಷ್ಠ 32 ಪೌಂಡ್ ಭಾರ ಬೇಕು ಅಂತ ಅರ್ಥ. ನಮ್ಮ ಲೆಕ್ಕಕ್ಕೆ ಒಂದು ಸೆಂಟಿಮೀಟರ್ ಅಂಚಿಗೆ ಸುಮಾರು 5.7 ಕೆಜಿ. ಇದು ಸಾಮಾನ್ಯ ಮೂರು ಪದರದ ರಟ್ಟಿನ ಬಲ.

ಮೇಲಿನ ಸ್ಟೂಲ್‌ನಲ್ಲಿ 36 ಸೆಂಟಿಮೀಟರಿನ ಎಂಟು ಹಲಗೆ ಇವೆ. ಒಟ್ಟು ಅಂಚು 288 ಸೆಂಟಿಮೀಟರ್. ಗುಣಿಸಿದರೆ 1,600 ಕೆಜಿ ದಾಟುತ್ತದೆ. ಈ ಅಂಕಿ ನೋಡಿ ಹಿಗ್ಗಬೇಡಿ. ಅದು ಪ್ರಯೋಗಾಲಯದ ಒಣ ಹವೆಯಲ್ಲಿ, ಸಣ್ಣ ತುಂಡಿನ ಮೇಲೆ, ಅರೆಕ್ಷಣ ಒತ್ತಿ ನೋಡಿದ ಬಲ. ಸ್ಟೂಲ್‌ನಲ್ಲಿ ಸೀಳುಗಳಿವೆ, ತೇವ ಇದೆ, ಕೂತವರು ಒಂದೇ ಮೂಲೆಗೆ ವಾಲುತ್ತಾರೆ. ಅದಕ್ಕೇ ನಾನು ಹತ್ತನೇ ಒಂದು ಪಾಲು ಮಾತ್ರ ನಂಬುತ್ತೇನೆ. ಆಗಲೂ 160 ಕೆಜಿ ಉಳಿಯುತ್ತದೆ. ನಾವು ಬಳಸುತ್ತಿರುವುದು ಐದು ಪದರದ್ದು, ಹಾಗಾಗಿ ಇನ್ನಷ್ಟು ಧೈರ್ಯ.

ಹಾಗಂತ ನೇರವಾಗಿ ಕೂತು ಪರೀಕ್ಷೆ ಮಾಡಬೇಡಿ. ಮೊದಲು ಪುಸ್ತಕ ಅಥವಾ ನೀರಿನ ಕ್ಯಾನ್ ಪೇರಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೂಲೆಗಳಲ್ಲಿ ಸುಕ್ಕು ಬಿದ್ದಿದೆಯಾ ನೋಡಿ.

ಯಾವ ಅಂಟು ಒಳ್ಳೆಯದು?

ಮರಗೆಲಸಕ್ಕೆ ಬಳಸುವ ಬಿಳಿ ಅಂಟು. ಅಂದರೆ ಪಿವಿಎ. ಕಾಗದದ ನಾರಿನೊಳಗೆ ಇಳಿದು ಹಿಡಿಯುತ್ತದೆ. ಚೆನ್ನಾಗಿ ಅಂಟಿದ ಜಾಗವನ್ನು ಎಳೆದರೆ ಕಾಗದ ಹರಿಯುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ತೆಳುವಾಗಿ, ಇಡೀ ಮೈಗೆ ಸವರಿ. ಸುರಿದರೆ ಅದರಲ್ಲಿರುವ ನೀರು ರಟ್ಟನ್ನು ಮೆತ್ತಗೆ ಮಾಡಿ ಸೊಟ್ಟ ಮಾಡುತ್ತದೆ. ಮೇಲೆ ಚಪ್ಪಟೆ ಹಲಗೆ, ಅದರ ಮೇಲೆ ಭಾರ ಇಟ್ಟು ಒಣಗಿಸಿ.

ಬಿಸಿ ಅಂಟಿನ ಗನ್ ಬೇಗ ಹಿಡಿಯುತ್ತದೆ, ತುಂಡುಗಳನ್ನು ಜಾಗದಲ್ಲಿ ನಿಲ್ಲಿಸಿಕೊಳ್ಳಲು ಚೆನ್ನ. ಆದರೆ ಭಾರ ಹೊರುವ ಜೋಡಣೆಯನ್ನು ಅದೊಂದರ ಮೇಲೇ ಬಿಡಬೇಡಿ. ಸೆಖೆಯಲ್ಲಿ ಅದು ಮೆತ್ತಗಾಗುತ್ತದೆ. ಮೈದಾ ಹಿಟ್ಟಿನ ಅಂಟು ಮೇಲ್ಮೈಗೆ ಕಾಗದ ಹೊದಿಸಲು ತುಂಬಾ ಒಳ್ಳೆಯದು, ಒಳಗಿನ ಜೋಡಣೆಗೆ ಬೇಡ. ಹುಳುಗಳಿಗೆ ಅದು ಊಟ.

ಟೇಪ್ ವಿಷಯಕ್ಕೆ ಬಂದರೆ, ನೀರು ಸವರಿ ಅಂಟಿಸುವ ಕಂದು ಕ್ರಾಫ್ಟ್ ಟೇಪಿಗೆ ಸಾಟಿ ಇಲ್ಲ. ಒಣಗುತ್ತಾ ಅದು ಸ್ವಲ್ಪ ಕುಗ್ಗಿ ಅಂಚನ್ನು ಬಿಗಿಯಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಟೇಪ್ ದಿನ ಕಳೆದಂತೆ ಬಿಟ್ಟುಕೊಳ್ಳುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ.

ಬೆನ್ನಿಗೆ ಒರಗು ಇರುವ ಕುರ್ಚಿ ಮಾಡಬಹುದಾ?

ಮಾಡಬಹುದು, ಆದರೆ ಸ್ಟೂಲ್‌ಗೆ ಬೆನ್ನು ಅಂಟಿಸಿದರೆ ಕುರ್ಚಿ ಆಗುವುದಿಲ್ಲ. ಒರಗಿದಾಗ ಬೆನ್ನಿನ ಹಲಗೆ ಸನ್ನೆಕೋಲಿನಂತೆ ಕೆಲಸ ಮಾಡಿ ಅಂಟಿದ ಜಾಗವನ್ನೇ ಕಿತ್ತು ಹಾಕುತ್ತದೆ. ಕುರ್ಚಿಯ ಪಕ್ಕದ ನೋಟವನ್ನು, ಅಂದರೆ ನೆಲದಿಂದ ಬೆನ್ನಿನ ತುದಿಯ ತನಕ, ಒಂದೇ ತುಂಡಾಗಿ ರಟ್ಟಿನ ಮೇಲೆ ಬರೆದುಕೊಳ್ಳಿ. ಅಂತಹ ಹಲವು ತುಂಡು ಕತ್ತರಿಸಿ 8–10 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿ, ಅಡ್ಡ ಹಲಗೆಗಳಿಂದ ಜೋಡಿಸಿ. ಬೆನ್ನೂ ಸೀಟೂ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ. ಚೂಪು ಮೂಲೆಯಿಂದಲೇ ಹರಿಯಲು ಶುರುವಾಗುತ್ತದೆ. ಹಿಂದಿನ ಪಾದ ಬೆನ್ನಿಗಿಂತ ಸ್ವಲ್ಪ ಹಿಂದಕ್ಕೆ ಚಾಚಿರಲಿ. ಕುರ್ಚಿ ಹಗುರ ಇರುವುದರಿಂದ ಹಿಂದಕ್ಕೆ ಮಗುಚುವ ಸಂಭವ ಜಾಸ್ತಿ.

ಮರದ ಕುರ್ಚಿಯ ಹಾಗೆ ನಾಲ್ಕು ಸಣ್ಣ ಕಾಲು ಮಾತ್ರ ಯಾವತ್ತೂ ಬೇಡ. ರಟ್ಟಿನ ಗುಣ ಅದಕ್ಕೆ ಒಗ್ಗುವುದಿಲ್ಲ.

ದುಂಡಗಿನ ಆಕಾರ ಹೇಗೆ ಬರುತ್ತದೆ?

ಅಲೆಯ ಸಾಲಿಗೆ ಸಮಾನಾಂತರವಾಗಿ 1–2 ಸೆಂಟಿಮೀಟರಿಗೊಂದು ಗೆರೆಯಂತೆ ಒಂದು ಬದಿಯ ಹಾಳೆಯನ್ನು ಮಾತ್ರ ಸೀಳಿ. ಸೀಳಿದ ಬದಿ ಹೊರಗೆ ಬರುವಂತೆ ಬಗ್ಗಿಸಿ, ಮೇಲೆ ಕಾಗದ ಹೊದಿಸಿ. ಸಣ್ಣ ಬಾಗಿಗೆ ಸೀಳುವುದೂ ಬೇಡ, ಮೇಜಿನ ಅಂಚಿನ ಮೇಲೆ ಎಳೆದಾಡಿದರೆ ಸಾಕು.

ಪುಸ್ತಕದ ಶೆಲ್ಫ್ ಮಾಡಿದರೆ ನಡುವೆ ಜೋತುಬೀಳುತ್ತದೆ. ಯಾಕೆ?

ಪುಸ್ತಕ ನಾವು ಅಂದುಕೊಂಡದ್ದಕ್ಕಿಂತ ಭಾರ. ಒಂದು ಮೀಟರ್ ಸಾಲಿಗೆ 25–30 ಕೆಜಿ ಆರಾಮಾಗಿ ಬರುತ್ತದೆ. ಇನ್ನೊಂದು ಕಾರಣ ಸಮಯ. ಸ್ಟೂಲ್ ಮೇಲೆ ಕೂತು ಎದ್ದು ಹೋಗುತ್ತೇವೆ, ಪುಸ್ತಕ ಎದ್ದು ಹೋಗುವುದಿಲ್ಲ. ಹಗಲೂ ರಾತ್ರಿ ಒಂದೇ ಭಾರ ಹೊತ್ತ ರಟ್ಟು ದಿನಕ್ಕೆ ಇಷ್ಟಿಷ್ಟೇ ಬಾಗುತ್ತಾ ಹೋಗುತ್ತದೆ. ತೇವ ಏರಿಳಿಯುವ ಕಾಲದಲ್ಲಂತೂ ಇನ್ನೂ ಬೇಗ.

ಮದ್ದು ಮೂರು. ಎರಡು ಆಸರೆಗಳ ನಡುವಿನ ಅಂತರ 35–40 ಸೆಂಟಿಮೀಟರ್ ಮೀರದಿರಲಿ. ಶೆಲ್ಫಿನ ಹಲಗೆಯನ್ನು ದಪ್ಪ ಮಾಡಿ: ಪೂರ್ತಿ ಅಂಟಿಸಿದ ಹಲಗೆಯ ದಪ್ಪ ಎರಡರಷ್ಟಾದರೆ ಬಾಗದಿರುವ ಶಕ್ತಿ ಎಂಟರಷ್ಟಾಗುತ್ತದೆ. ಅದೂ ಸಾಲದಿದ್ದರೆ ಎರಡು ತೆಳು ಹಲಗೆಗಳ ನಡುವೆ 4–5 ಸೆಂಟಿಮೀಟರ್ ಎತ್ತರದ ಪಟ್ಟಿಗಳನ್ನು ನಿಲ್ಲಿಸಿ ಅಂಟಿಸಿ. ಕಡಿಮೆ ರಟ್ಟಿನಲ್ಲಿ ಜಾಸ್ತಿ ಬಿಗಿ ಬರುವುದು ಹೀಗೆ. ಎತ್ತರದ ಶೆಲ್ಫನ್ನು ಗೋಡೆಗೆ ಕಟ್ಟಿ.

ಮಳೆಗಾಲದಲ್ಲಿ ಏನಾಗುತ್ತದೆ?

ರಟ್ಟಿಗೆ ನಿಜವಾದ ಶತ್ರು ತೂಕ ಅಲ್ಲ, ತೇವ. ಗಾಳಿಯಲ್ಲಿನ ತೇವ 50ರಿಂದ 90 ಶೇಕಡಕ್ಕೆ ಏರಿದರೆ ರಟ್ಟಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀರು ಸೋಕಬೇಕು ಅಂತಲೇ ಇಲ್ಲ, ಗಾಳಿಯಿಂದಲೇ ಹೀರುತ್ತದೆ. ಮೇಲೆ ತೂಕದ ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದದ್ದು ಇದಕ್ಕೇ.

ತೇವ ಮೊದಲು ನುಗ್ಗುವುದು ಕತ್ತರಿಸಿದ ಅಂಚಿನ ತೂತುಗಳಿಂದ. ಆದ್ದರಿಂದ ಎಲ್ಲ ಅಂಚುಗಳನ್ನೂ ಕಾಗದದ ಪಟ್ಟಿಯಿಂದ ಮುಚ್ಚಿ, ಆಮೇಲೆ ವಾರ್ನಿಷ್ ಬಳಿಯಿರಿ. ತಳದ ಬದಿಯನ್ನೂ ಬಿಡಬೇಡಿ. ಒಂದೇ ಬದಿಗೆ ಬಳಿದರೆ ಹಲಗೆ ಸೊಟ್ಟಗಾಗುತ್ತದೆ. ನೆಲ ಒರೆಸುವ ನೀರು ತಾಗದಂತೆ ಕೆಳಗೆ ರಬ್ಬರ್ ಅಥವಾ ಮರದ ಪಾದ ಅಂಟಿಸಿ. ಒಂದೂವರೆ ಸೆಂಟಿಮೀಟರ್ ಎತ್ತರ ಇದ್ದರೂ ಸಾಕು. ಬಾಲ್ಕನಿ, ಬಚ್ಚಲು, ತೇವ ಏರುವ ಗೋಡೆಯ ಪಕ್ಕ, ಇಲ್ಲೆಲ್ಲ ರಟ್ಟಿನ ಫರ್ನಿಚರ್ ಇಡಲೇಬೇಡಿ.

ಗೆದ್ದಲು, ಜಿರಲೆ?

ಒಣಗಿದ, ಅಂಚು ಮುಚ್ಚಿದ, ನೆಲದಿಂದ ಮೇಲೆದ್ದ ಫರ್ನಿಚರ್‌ಗೆ ಕಾಟ ಕಮ್ಮಿ. ತೆರೆದ ಅಲೆಯ ತೂತುಗಳು ಜಿರಲೆಗೆ ಅಡಗುತಾಣ. ಗೆದ್ದಲು ಇರುವ ಮನೆಯಲ್ಲಿ ಮೊದಲು ಗೆದ್ದಲಿಗೆ ಮದ್ದು ಮಾಡಿ, ಆಮೇಲೆ ರಟ್ಟಿನ ಕೆಲಸ.

ಬೆಂಕಿಯ ಭಯ ಇಲ್ವಾ?

ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಗದ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊತ್ತಿಕೊಳ್ಳುತ್ತದೆ. ರಟ್ಟಿನ ಒಳಗೆ ಗಾಳಿಯೂ ಇರುವುದರಿಂದ ಬೆಂಕಿ ಬೇಗ ಹರಡುತ್ತದೆ. ಒಲೆ, ಹೀಟರ್, ದೀಪ, ಮೇಣದಬತ್ತಿ, ಸಿಗರೇಟು ಇವುಗಳಿಂದ ದೂರ ಇಡಿ. ಬಿಸಿಯಾಗುವ ಹಳೆ ಬಲ್ಬಿಗೆ ರಟ್ಟಿನ ಲ್ಯಾಂಪ್‌ಶೇಡ್ ಬೇಡ, ಎಲ್‌ಇಡಿ ಬಳಸಿ. ಹೊರಗೆ ಹೋಗುವ ಬಾಗಿಲಿನ ದಾರಿಯಲ್ಲೂ ಇಡಬೇಡಿ.

ಮಕ್ಕಳಿಗೆ ಮಾಡಿಕೊಡಬಹುದಾ?

ಪುಟ್ಟ ಮೇಜು, ಸ್ಟೂಲ್, ಗೊಂಬೆಮನೆಗೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಹಗುರ, ಮೇಲೆ ಬಿದ್ದರೂ ಪೆಟ್ಟು ಕಮ್ಮಿ, ಮಕ್ಕಳೇ ಬಣ್ಣ ಬಳಿಯಬಹುದು. ಆದರೆ ತೊಟ್ಟಿಲು, ಎತ್ತರದ ಊಟದ ಕುರ್ಚಿ, ಹತ್ತಿ ನಿಲ್ಲುವ ಮೆಟ್ಟಿಲು ಬೇಡ. ಬಿದ್ದರೆ ಅಪಾಯ ಇರುವ ಯಾವುದನ್ನೂ ಮನೆಯಲ್ಲಿ ಕೈಯಾರೆ ಮಾಡಿದ ರಟ್ಟಿನ ಮೇಲೆ ನಂಬಿ ಬಿಡಬಾರದು.

ಮಂಚ?

ಸ್ಟೂಲ್‌ನ ಜಾಲರಿಯನ್ನೇ ದೊಡ್ಡದು ಮಾಡಿದರೆ ಮಂಚ. ಎತ್ತರ 30 ಸೆಂಟಿಮೀಟರ್ ಸಾಕು. ನಾಲ್ಕೈದು ಬಿಡಿ ಪೆಟ್ಟಿಗೆಗಳಾಗಿ ಮಾಡಿ ಪಕ್ಕಪಕ್ಕ ಕಟ್ಟಿದರೆ ಸಾಗಿಸಲು ಸುಲಭ, ಒಂದು ಹಾಳಾದರೆ ಅದೊಂದನ್ನೇ ಬದಲಿಸಬಹುದು. ಅಂಚಿನ ಸಾಲಿನಲ್ಲಿ ಗೋಡೆಗಳನ್ನು ಹತ್ತಿರ ಹತ್ತಿರ ಇಡಿ. ಏಳುವಾಗ ಕೂರುವಾಗ ಎಲ್ಲರೂ ಭಾರ ಹಾಕುವುದು ಅಲ್ಲೇ ಅಲ್ವಾ.

ಬಣ್ಣ, ಹೊದಿಕೆ ಹೇಗೆ?

ಮೊದಲು ಮೂಲೆಗಳಿಗೆಲ್ಲ ಕ್ರಾಫ್ಟ್ ಪಟ್ಟಿ. ಆಮೇಲೆ ಇಡೀ ಮೈಗೆ ಹರಿದ ಕಾಗದದ ತುಂಡುಗಳು. ಕತ್ತರಿಯಿಂದ ಕತ್ತರಿಸಿದ ತುಂಡಿನ ಅಂಚು ಬಣ್ಣದ ಕೆಳಗೂ ಎದ್ದು ಕಾಣುತ್ತದೆ, ಕೈಯಲ್ಲಿ ಹರಿದದ್ದು ಒಂದರೊಳಗೊಂದು ಕರಗುತ್ತದೆ. ಒಣಗಿದ ಮೇಲೆ ನಯವಾದ ಮರಳು ಕಾಗದದಿಂದ ಲಘುವಾಗಿ ಉಜ್ಜಿ. ನೀರು ಬೆರೆಸಿದ ಬಿಳಿ ಅಂಟಿನ ಒಂದು ತೆಳು ಲೇಪ, ಅದರ ಮೇಲೆ ಅಕ್ರಿಲಿಕ್ ಬಣ್ಣ, ಕೊನೆಗೆ ನೀರಿನಲ್ಲಿ ಕರಗುವ ವಾರ್ನಿಷ್ ಎರಡು ಕೈ. ಪ್ರತಿ ಲೇಪವೂ ಪೂರ್ತಿ ಒಣಗಲಿ.

ಏನೂ ಬಳಿಯದೆ ಹಾಗೇ ಬಿಟ್ಟರೆ ಚೆನ್ನಾಗಿ ಕಾಣುತ್ತದಾ?

ನನ್ನ ಕಣ್ಣಿಗೆ ಹಾಗೇ ಬಿಟ್ಟದ್ದೇ ಚೆಂದ. ರಟ್ಟಿನ ಅಂಚುಗಳು ಸಾಲಾಗಿ ಒತ್ತೊತ್ತಾಗಿ ನಿಂತಾಗ ಅವುಗಳ ಮೈ ದಪ್ಪ ನೇಯ್ಗೆಯಂತೆ ಕಾಣುತ್ತದೆ. ವಾಸ್ತುಶಿಲ್ಪಿ ಫ್ರಾಂಕ್ ಗೆರಿ ಇದನ್ನೇ ಹಿಡಿದು 1972ರಲ್ಲಿ ‘ವಿಗಲ್’ ಕುರ್ಚಿ ಮಾಡಿದರು. ಹತ್ತಾರು ಪದರಗಳನ್ನು ಅಲೆಯ ದಿಕ್ಕು ಬದಲಿಸುತ್ತಾ ಅಂಟಿಸಿ, ಹಾವಿನಂತೆ ಮಡಚಿದ ಆಕಾರ ಕೊಟ್ಟಿದ್ದಾರೆ. ಅದು ಇಂದಿಗೂ ತಯಾರಾಗುತ್ತಿದೆ. ಅದಕ್ಕೂ ಮೊದಲೇ, 1967ರಲ್ಲಿ, ಜರ್ಮನಿಯ ಪೀಟರ್ ರಾಕೆ ಮಡಚಿ ಜೋಡಿಸುವ ರಟ್ಟಿನ ಫರ್ನಿಚರ್ ತಂದಿದ್ದರು. ಜಪಾನಿನ ಶಿಗೆರು ಬಾನ್ ಕಾಗದದ ಕೊಳವೆಗಳಿಂದ ಕುರ್ಚಿ ಮಾತ್ರವಲ್ಲ, ಕಟ್ಟಡಗಳನ್ನೇ ಎಬ್ಬಿಸಿದ್ದಾರೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪದ ನಂತರ 2013ರಲ್ಲಿ ತೆರೆದ ರಟ್ಟಿನ ಚರ್ಚು ಅವರದೇ ವಿನ್ಯಾಸ. ಅಂದಹಾಗೆ, ಅಲೆಯ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು ಎತ್ತರದ ಟೋಪಿಗಳ ಒಳಗೆ ಪಟ್ಟಿಯಾಗಿ ಬಳಸಲು.

ಎಷ್ಟು ವರ್ಷ ಬಾಳುತ್ತದೆ?

ಒಣ ಕೋಣೆಯಲ್ಲಿ, ಅಂಚು ಮುಚ್ಚಿ, ಪಾದ ಹಾಕಿ ಇಟ್ಟರೆ ವರ್ಷಗಟ್ಟಲೆ. ತೇವದ ಜಾಗದಲ್ಲಿ ಒಂದು ಮಳೆಗಾಲ ಕಳೆಯುವುದೂ ಕಷ್ಟ.

ಒಂದು ಮೂಲೆ ಕುಸಿದರೆ ಎಸೆಯಬೇಕಾ?

ಬೇಡ. ಕುಸಿದ ಭಾಗದ ಹೊರಗೋಡೆಯನ್ನು ಕಟ್ಟರ್‌ನಿಂದ ಕಿಟಕಿಯಂತೆ ತೆರೆಯಿರಿ. ಮಡಚಿದ ಹಲಗೆಯ ಎರಡೂ ಬದಿಗೆ ಅದೇ ಎತ್ತರದ, ಅಲೆ ನೆಟ್ಟಗಿರುವ ಹೊಸ ಪಟ್ಟಿ ಅಂಟಿಸಿ. ಒಣಗಿದ ಮೇಲೆ ಕಿಟಕಿ ಮುಚ್ಚಿ ಟೇಪ್ ಹಾಕಿ.

ಪೂರ್ತಿ ಹಾಳಾದ ಮೇಲೆ ಮತ್ತೆ ಮರುಬಳಕೆಗೆ ಹೋಗುತ್ತದಾ?

ಅದು ನೀವು ಏನು ಬಳಿದಿದ್ದೀರಿ ಅನ್ನುವುದರ ಮೇಲಿದೆ. ಕಾಗದದ ನಾರು ಸುಮಾರು 5ರಿಂದ 7 ಸಲ ಮರುಬಳಕೆ ಆಗಬಲ್ಲದು. ಬಿಳಿ ಅಂಟು, ಕ್ರಾಫ್ಟ್ ಟೇಪ್ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎಪಾಕ್ಸಿ, ಫೈಬರ್‌ಗ್ಲಾಸ್, ದಪ್ಪ ಪ್ಲಾಸ್ಟಿಕ್ ಲೇಪ ಹಾಕಿದರೆ ಅದು ಯಾವ ಗುಂಪಿಗೂ ಸೇರದ ಕಸ. ಕಸವಾಗಬೇಕಿದ್ದ ಡಬ್ಬವನ್ನು ಉಳಿಸಲು ಹೊರಟು ಅದನ್ನು ಇನ್ನೂ ಕೆಟ್ಟ ಕಸ ಮಾಡುವುದು ಸರಿ ಕಾಣುವುದಿಲ್ಲ. ಸ್ವಲ್ಪ ಕಮ್ಮಿ ಬಾಳಿದರೂ ಪರವಾಗಿಲ್ಲ, ಲೇಪ ತೆಳುವಾಗಿರಲಿ. ಕೊಡುವ ಮೊದಲು ಬಣ್ಣ ಬಳಿದ ಹೊರಗೋಡೆಗಳನ್ನೂ ರಬ್ಬರ್ ಪಾದಗಳನ್ನೂ ಬಿಡಿಸಿ ಬೇರೆ ಇಡಿ. ಬಣ್ಣವಿಲ್ಲದ ಒಳಗಿನ ಜಾಲರಿಯನ್ನು ಹಳೆ ಡಬ್ಬಗಳ ಜೊತೆ ಕಟ್ಟಿ ಕೊಡಬಹುದು.